ಚಾರ್ಜಿಗಿಟ್ಟ ಲಿಪೋ ಬ್ಯಾಟರಿ

ರೇಡಿಯೋ ನಿಯಂತ್ರಣದಿಂದ ಓಡುವ ಹವ್ಯಾಸಿ ಕಾರು, ದೋಣಿ, ವಿಮಾನ, ಡ್ರೋನ್‌ಗಳಿಗೆ ಇಂದು ಹೆಚ್ಚಾಗಿ ಬಳಕೆಯಾಗುವುದು ಲಿಥಿಯಂ ಪಾಲಿಮರ್ ಬ್ಯಾಟರಿ. ಹವ್ಯಾಸಿಗಳ ಬಾಯಲ್ಲಿ ಲಿಪೋ. ಓಡುತ್ತಿರುವಾಗ ಇದಕ್ಕೆ ಬೆಂಕಿ ಹತ್ತಿದರೆ ಅಂಗಳದಲ್ಲೋ ಬಯಲಿನಲ್ಲೋ ಉರಿದು ಮುಗಿಯುತ್ತದೆ. ಚಾರ್ಜಿಗಿಟ್ಟಾಗ ಹತ್ತಿದರೆ ಮನೆಯೊಳಗೆ, ಮೇಜಿನ ಮೇಲೆ, ಎಷ್ಟೋ ಸಲ ಹಾಸಿಗೆಯ ಪಕ್ಕದಲ್ಲೇ ಹತ್ತುತ್ತದೆ. ಆ ಹೊತ್ತಿಗೆ ಬ್ಯಾಟರಿಯಲ್ಲಿ ಶಕ್ತಿ ತುಂಬಿರುತ್ತದೆ, ಬಳಿಯಲ್ಲಿ ಬಹಳ ವೇಳೆ ಯಾರೂ ಇರುವುದಿಲ್ಲ.

ಉಡುಪಿ ಜಿಲ್ಲೆಯಲ್ಲಿ ಈ ಬ್ಯಾಟರಿ ಈಗ ಅಪರೂಪದ ವಸ್ತುವಲ್ಲ. ಮಣಿಪಾಲದ ಎಂಜಿನಿಯರಿಂಗ್ ಕಾಲೇಜು ಎಂಐಟಿಯಲ್ಲಿ ಏರೋಎಂಐಟಿ ಎಂಬ ವಿದ್ಯಾರ್ಥಿ ತಂಡ ರೇಡಿಯೋ ನಿಯಂತ್ರಿತ ವಿಮಾನಗಳನ್ನು ಕಟ್ಟುತ್ತದೆ, ರೋಬೋಮಣಿಪಾಲ್ ತಂಡ ಯಂತ್ರಮಾನವರನ್ನು ಕಟ್ಟುತ್ತದೆ. ಎನ್‌ಸಿಸಿಯ ವಾಯು ವಿಭಾಗದಲ್ಲಿ ಏರೋಮಾಡೆಲಿಂಗ್ ತರಬೇತಿಯ ಭಾಗವೇ ಆಗಿದೆ. ಮದುವೆ, ಕೋಲ, ಜಾತ್ರೆಗಳ ವಿಡಿಯೋ ಮಾಡುವವರ ಚೀಲದಲ್ಲಿ ಡ್ರೋನ್ ಇರುತ್ತದೆ. 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಪಡುಬಿದ್ರಿಯ ಕಡಲತೀರದಂಥ ಅಗಲವಾದ ಹೊಯ್ಗೆ ಬಯಲು ದೊಡ್ಡ ಚಕ್ರದ ರಿಮೋಟ್ ಕಾರಿಗೆ ಹೇಳಿ ಮಾಡಿಸಿದ ಜಾಗ. ದುಬೈ, ಅಬುಧಾಬಿ, ಮಸ್ಕತ್‌ಗಳಲ್ಲಿ ದುಡಿಯುವವರು ರಜೆಗೆ ಬರುವಾಗ ಮಕ್ಕಳಿಗೆ ತರುವ ಉಡುಗೊರೆಗಳಲ್ಲೂ ಇಂಥ ಕಾರುಗಳಿವೆ. ಕಾಲೇಜಿನ ಪ್ರಯೋಗಾಲಯದಲ್ಲಿ ಮೇಲ್ವಿಚಾರಕರು ಇರುತ್ತಾರೆ. ಮನೆಗೆ ಬಂದ ಬ್ಯಾಟರಿಯ ಜೊತೆಗೆ ಇರುವುದು ಒಂದು ಚೀಟಿ ಮಾತ್ರ. ಅದೂ ಬಹಳ ಸಲ ಚೀನೀ ಭಾಷೆಯಲ್ಲಿ.

ಲಿಪೋ ಬ್ಯಾಟರಿಯ ಒಂದು ಕೋಶದ ನಾಮಿನಲ್ ವೋಲ್ಟೇಜ್, ಅಂದರೆ ಹೆಸರಿಗೆ ಬರೆಯುವ ವೋಲ್ಟೇಜ್, 3.7. ಪೂರ್ತಿ ತುಂಬಿದಾಗ ಅದು 4.2 ವೋಲ್ಟ್, ಬಳಸುತ್ತಾ ಹೋದಂತೆ 3.0 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಅದರ ಇಡೀ ಬದುಕು ಈ ಸಣ್ಣ ಅಂತರದೊಳಗೇ ನಡೆಯಬೇಕು. ಎರಡು ಕೋಶಗಳನ್ನು ಸಾಲಾಗಿ ಜೋಡಿಸಿದರೆ 2ಎಸ್, 7.4 ವೋಲ್ಟ್, ಮೂರು ಜೋಡಿಸಿದರೆ 3ಎಸ್, 11.1 ವೋಲ್ಟ್. ನಿಜ ಕಾರಿನ ಹತ್ತರಲ್ಲೊಂದು ಅಳತೆಯ ಕಾರಿಗೆ ಸಾಮಾನ್ಯವಾಗಿ ಬಳಸುವ 2ಎಸ್, 5000 ಎಂಎಎಚ್ ಪ್ಯಾಕಿನಲ್ಲಿ 37 ವ್ಯಾಟ್-ಗಂಟೆಯಷ್ಟು ಶಕ್ತಿ ಇರುತ್ತದೆ. ಇದು ಒಂದು ಮೊಬೈಲ್ ಫೋನಿನ ಬ್ಯಾಟರಿಯಲ್ಲಿರುವುದರ ಸುಮಾರು ಎರಡರಷ್ಟು. ಲೆಕ್ಕಕ್ಕೆ ಇದು ದೊಡ್ಡದಾಗಿ ಕಾಣಲಿಕ್ಕಿಲ್ಲ. ಆದರೆ ಬ್ಯಾಟರಿ ಉರಿಯುವಾಗ ಹೊರಬರುವುದು ಈ ವಿದ್ಯುತ್ತಿನ ಶಕ್ತಿ ಮಾತ್ರವಲ್ಲ, ಒಳಗಿನ ದ್ರಾವಕ, ಪ್ಲಾಸ್ಟಿಕ್, ಇಂಗಾಲ ಎಲ್ಲವೂ ಸೇರಿ ಉರಿಯುವ ಶಾಖ; ಅದು ವಿದ್ಯುತ್ತಿನ ಶಕ್ತಿಯ ಹಲವು ಪಟ್ಟು.

ಫೋನಿಗೂ ಲಿಪೋ ಪ್ಯಾಕಿಗೂ ನಡುವಿನ ನಿಜವಾದ ವ್ಯತ್ಯಾಸ ಗಾತ್ರದಲ್ಲಿಲ್ಲ. ಫೋನಿನ ಬ್ಯಾಟರಿಯ ತಲೆಗೆ ಅಂಟಿಕೊಂಡೇ ಒಂದು ಪುಟ್ಟ ರಕ್ಷಣಾ ಸರ್ಕ್ಯೂಟ್ ಇರುತ್ತದೆ. ವೋಲ್ಟೇಜ್ ಮೇಲೇರಿದರೆ, ತೀರಾ ಕೆಳಗಿಳಿದರೆ, ತಂತಿಗಳು ಒಂದಕ್ಕೊಂದು ತಗುಲಿದರೆ ಅದು ಸಂಪರ್ಕವನ್ನು ಕಡಿಯುತ್ತದೆ. ವಿದ್ಯುತ್ ಸ್ಕೂಟರಿನ ಬ್ಯಾಟರಿಗೆ ಬಿಎಂಎಸ್ ಎಂಬ ದೊಡ್ಡ ಕಾವಲು ಇದೆ. ಹವ್ಯಾಸಿ ಕಾರಿನ ಲಿಪೋ ಪ್ಯಾಕಿಗೆ ಸಾಮಾನ್ಯವಾಗಿ ಇಂಥದ್ದು ಯಾವುದೂ ಇಲ್ಲ. ಮೋಟಾರು ಒಮ್ಮೆಲೇ ನೂರು ಆಂಪಿಯರ್ ಕೇಳಿದರೂ ಕೊಡಬೇಕು, ತೂಕವೂ ಹೆಚ್ಚಬಾರದು ಎಂಬ ಕಾರಣಕ್ಕೆ ಕೋಶಗಳಿಂದ ದಪ್ಪ ತಂತಿಯನ್ನು ನೇರವಾಗಿ ಹೊರಗೆ ತಂದು ಬಿಟ್ಟಿರುತ್ತಾರೆ. ಮನೆಯ ಪ್ಲಗ್ ಪಾಯಿಂಟಿಗೆ ಹಾಕುವ ತಂತಿ 15, 20 ಆಂಪಿಯರಿಗೇ ಬಿಸಿಯೇರುತ್ತದೆ ಎಂಬುದನ್ನು ನೆನೆದರೆ ಈ ಪುಟ್ಟ ಪ್ಯಾಕಿನ ಹರಿವು ಎಂಥದ್ದೆಂದು ತಿಳಿಯುತ್ತದೆ. ಹೀಗಾಗಿ ಚಾರ್ಜ್ ಮಾಡುವಾಗ ಬ್ಯಾಟರಿಯನ್ನು ಕಾಯುವ ಕೆಲಸ ಪೂರ್ತಿಯಾಗಿ ಚಾರ್ಜರಿನ ಮೇಲೆ ಬೀಳುತ್ತದೆ. ಚಾರ್ಜರಿಗೆ ತಪ್ಪು ಅಪ್ಪಣೆ ಸಿಕ್ಕಿದರೆ ಉಳಿಯುವ ಕಾವಲು ಒಂದೇ: ಎದುರಿಗೆ ಕುಳಿತ ಮನುಷ್ಯ.

ಒಳಗೆ ನಡೆಯುವುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1970ರ ದಶಕದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ರೂಪಿಸಿದ ಲಿಥಿಯಂ ಬ್ಯಾಟರಿಯಲ್ಲಿ ಲಿಥಿಯಂ ಲೋಹವೇ ಇತ್ತು. ಅದು ಬೆಂಕಿಗೆ ಕಾರಣವಾಗುತ್ತಿತ್ತು. 1980ರಲ್ಲಿ ಜಾನ್ ಗುಡ್‌ಇನಫ್ ಕೋಬಾಲ್ಟ್ ಆಕ್ಸೈಡಿನ ಧನ ವಿದ್ಯುದ್ವಾರವನ್ನು ತೋರಿಸಿಕೊಟ್ಟರು. 1985ರಲ್ಲಿ ಜಪಾನಿನ ಅಕಿರಾ ಯೊಶಿನೊ ಲಿಥಿಯಂ ಲೋಹವನ್ನು ಬಿಟ್ಟು, ಅಯಾನುಗಳನ್ನು ತನ್ನ ಪದರಗಳಲ್ಲಿ ಇರಿಸಿಕೊಳ್ಳುವ ಇಂಗಾಲವನ್ನು ಅದರ ಜಾಗದಲ್ಲಿ ಇಟ್ಟರು. 1991ರಲ್ಲಿ ಸೋನಿ ಕಂಪೆನಿ ಅದನ್ನು ಮಾರುಕಟ್ಟೆಗೆ ತಂದಿತು, 2019ರಲ್ಲಿ ಮೂವರಿಗೂ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಲೋಹವನ್ನು ಹೊರಗಿಟ್ಟು ಅಯಾನುಗಳನ್ನು ಮಾತ್ರ ಒಳಗಿಟ್ಟದ್ದೇ ಈ ಬ್ಯಾಟರಿ ಮನೆಮನೆಗೆ ಬರಲು ದಾರಿ ಮಾಡಿತು. ಅತಿಯಾಗಿ ಅಥವಾ ಅತಿ ಅವಸರದಲ್ಲಿ ಚಾರ್ಜ್ ಮಾಡಿದಾಗ ಆಗುವುದು ಇದರ ಹಿಮ್ಮುಖ ಕ್ರಿಯೆ: ಇಂಗಾಲದ ಪದರಗಳಲ್ಲಿ ಜಾಗ ಸಾಲದೆ ಅಯಾನುಗಳು ಮೇಲ್ಮೈಯಲ್ಲೇ ಲೋಹವಾಗಿ ಕೂರುತ್ತವೆ. ಆ ಲೋಹ ಸೂಜಿಯಂತೆ ಬೆಳೆದು, ಎರಡು ವಿದ್ಯುದ್ವಾರಗಳನ್ನು ಬೇರೆಬೇರೆಯಾಗಿ ಇಟ್ಟಿರುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಚುಚ್ಚಿದರೆ ಒಳಗೇ ಶಾರ್ಟ್ ಸರ್ಕ್ಯೂಟ್ ಆಗುತ್ತದೆ.

ಅಲ್ಲಿಂದ ಮುಂದೆ ಒಂದು ಬಿಸಿ ಇನ್ನೊಂದು ಬಿಸಿಯನ್ನು ಹುಟ್ಟಿಸುತ್ತದೆ. ಸುಮಾರು 90 ಡಿಗ್ರಿ ಸೆಲ್ಸಿಯಸ್ ದಾಟುವಾಗ ಇಂಗಾಲದ ಮೇಲಿನ ರಕ್ಷಣಾ ಪೊರೆ ಒಡೆಯತೊಡಗುತ್ತದೆ. ಸುಮಾರು 130 ಡಿಗ್ರಿಯಲ್ಲಿ ವಿದ್ಯುದ್ವಾರಗಳ ನಡುವಿನ ಪಾಲಿಎಥಿಲೀನ್ ಹಾಳೆ ಕರಗುತ್ತದೆ. 200 ಡಿಗ್ರಿಯ ಆಸುಪಾಸಿನಲ್ಲಿ ಕೋಬಾಲ್ಟ್ ಆಕ್ಸೈಡ್ ತನ್ನೊಳಗಿನ ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ಉರಿಯುವ ದ್ರಾವಕ, ಉರಿಸುವ ಆಮ್ಲಜನಕ, ಹೊತ್ತಿಸುವ ಶಾಖ ಮೂರೂ ಕೋಶದ ಹೊದಿಕೆಯಾದ ಒಂದೇ ಚೀಲದೊಳಗೆ ಸಿಕ್ಕಿದ ಮೇಲೆ ಹೊರಗಿನ ಗಾಳಿಯನ್ನು ತಡೆದರೂ ಕ್ರಿಯೆ ನಿಲ್ಲುವುದಿಲ್ಲ. ಚೀಲ ಉಬ್ಬಿ ಬಿರಿದು ಬಿಳಿ ಹೊಗೆ ರಭಸದಿಂದ ಬರುತ್ತದೆ. ಈ ದ್ರಾವಕಗಳಲ್ಲಿ ಕೆಲವದರ ಆವಿ ಕರಾವಳಿಯ ಸಾಮಾನ್ಯ ಕೋಣೆಯ ತಾಪಮಾನದಲ್ಲೇ ಹೊತ್ತಿಕೊಳ್ಳಬಲ್ಲದು. ಒಂದು ಕೋಶದ ಬೆಂಕಿ ಪಕ್ಕದ ಕೋಶವನ್ನು ಕಾಯಿಸುತ್ತದೆ. 3ಎಸ್ ಪ್ಯಾಕಿನಲ್ಲಿ ಒಂದಾದ ಮೇಲೊಂದು ಮೂರು ಸಲ ಜ್ವಾಲೆ ಎದ್ದರೆ ಅಚ್ಚರಿಯಿಲ್ಲ.

ಇಷ್ಟಕ್ಕೂ ಇದು ಶುರುವಾಗುವುದು ಹೇಗೆ? ಅತಿ ಸಾಮಾನ್ಯವಾದದ್ದು ಚಾರ್ಜರಿನಲ್ಲಿ ತಪ್ಪು ಆಯ್ಕೆ. ಹವ್ಯಾಸಿ ಚಾರ್ಜರುಗಳು ಹಲವು ಬಗೆಯ ಬ್ಯಾಟರಿಗೆ ಹೊಂದುವಂತೆ ಮಾಡಿದವು: ಲಿಪೋ, 4.35 ವೋಲ್ಟಿನವರೆಗೆ ಹೋಗುವ ಲಿಎಚ್‌ವಿ, ಲಿಫೆ, ಹಳೆಯ ನಿಕ್ಕಲ್ ಬ್ಯಾಟರಿಯ ಎನ್‌ಐಎಂಎಚ್. ಎರಡು ಕೋಶದ ಪ್ಯಾಕನ್ನು ಸಿಕ್ಕಿಸಿ ಮೂರು ಕೋಶದ್ದೆಂದು ಒತ್ತಿದರೆ ಚಾರ್ಜರಿನ ಗುರಿ 12.6 ವೋಲ್ಟ್ ಆಗುತ್ತದೆ. ಅಂದರೆ ಕೋಶಕ್ಕೆ 6.3. ಅಷ್ಟು ಏರುವ ಬಹಳ ಮೊದಲೇ ಬ್ಯಾಟರಿ ಹೊತ್ತಿರುತ್ತದೆ. ನಿಕ್ಕಲ್ ಆಯ್ಕೆ ಇನ್ನೂ ಕೆಟ್ಟದ್ದು. ನಿಕ್ಕಲ್ ಬ್ಯಾಟರಿ ತುಂಬಿದಾಗ ಅದರ ವೋಲ್ಟೇಜ್ ಸ್ವಲ್ಪ ತಗ್ಗುತ್ತದೆ. ಆ ತಗ್ಗನ್ನು ಕಂಡೇ ಚಾರ್ಜರ್ ನಿಲ್ಲುವುದು. ಲಿಪೋ ತುಂಬಿದಾಗ ಅಂಥ ತಗ್ಗು ಬರುವುದೇ ಇಲ್ಲ, ಚಾರ್ಜರ್ ತುಂಬುತ್ತಲೇ ಇರುತ್ತದೆ.

ಪ್ಯಾಕಿನಿಂದ ಹೊರಡುವ ಎರಡನೇ ತಂತಿ, ಬಿಳಿ ಪ್ಲಗ್ಗಿನ ಸಣ್ಣ ತಂತಿಗಳ ಗುಂಪು, ಬ್ಯಾಲೆನ್ಸ್ ಲೀಡ್. ಚಾರ್ಜರ್ ಒಂದೊಂದು ಕೋಶದ ವೋಲ್ಟೇಜನ್ನೂ ಪ್ರತ್ಯೇಕವಾಗಿ ನೋಡುವುದು ಇದರ ಮೂಲಕ. ದಪ್ಪ ತಂತಿಯನ್ನು ಮಾತ್ರ ಸಿಕ್ಕಿಸಿದರೆ ಚಾರ್ಜರಿಗೆ ಕಾಣುವುದು ಒಟ್ಟು ಮೊತ್ತ. ಮೂರು ಕೋಶಗಳು 4.35, 4.15, 4.10 ವೋಲ್ಟಿನಲ್ಲಿದ್ದರೂ ಮೊತ್ತ 12.6 ಸರಿಯಾಗಿಯೇ ಬರುತ್ತದೆ, ಮೊದಲನೆಯ ಕೋಶ ಮಾತ್ರ ಅಪಾಯದ ಗೆರೆ ದಾಟಿರುತ್ತದೆ. ಪ್ಯಾಕು ಹಳತಾದಷ್ಟೂ ಈ ಅಂತರ ಹೆಚ್ಚು. ಆದ್ದರಿಂದ ಬ್ಯಾಲೆನ್ಸ್ ಲೀಡ್ ಸಿಕ್ಕಿಸದೆ ಲಿಪೋ ಚಾರ್ಜ್ ಮಾಡುವುದು ಸಲ್ಲದು. ಹಾಗೆಯೇ ಹರಿವಿನ ಮಿತಿ. 5000 ಎಂಎಎಚ್ ಪ್ಯಾಕಿಗೆ 5 ಆಂಪಿಯರ್, 2200ರ ಪ್ಯಾಕಿಗೆ 2.2 ಆಂಪಿಯರ್, ಇದನ್ನು 1ಸಿ ಎನ್ನುತ್ತಾರೆ. ತಯಾರಕರು ಪ್ಯಾಕಿನ ಮೇಲೆ ಹೆಚ್ಚಿನ ಚಾರ್ಜ್ ದರ ಬರೆದಿದ್ದರೂ 1ಸಿ ದಾಟದಿರುವುದೇ ಮೇಲು. ಅರ್ಧ ಗಂಟೆ ಉಳಿಸಲು ಬ್ಯಾಟರಿಯ ಆಯುಷ್ಯವನ್ನೂ ಮನೆಯ ಕ್ಷೇಮವನ್ನೂ ಒತ್ತೆಯಿಡಬೇಕಾಗಿಲ್ಲ.

ಅಗ್ಗದ ಆಟಿಕೆ ಕಾರುಗಳಲ್ಲಿ ಬೇರೆಯೇ ಒಂದು ಗಂಡಾಂತರ ಇದೆ. ಹಳೆಯ ಕಾರುಗಳ 4.8 ವೋಲ್ಟಿನ ನಿಕ್ಕಲ್ ಪ್ಯಾಕಿಗೂ ಹೊಸ ಕಾರುಗಳ 3.7 ಅಥವಾ 7.4 ವೋಲ್ಟಿನ ಲಿಥಿಯಂ ಪ್ಯಾಕಿಗೂ ಎಷ್ಟೋ ಸಲ ಒಂದೇ ಆಕಾರದ ಎರಡು ಪಿನ್ನಿನ ಪ್ಲಗ್ ಇರುತ್ತದೆ. ಯುಎಸ್‌ಬಿ ಕೇಬಲ್ಲುಗಳೂ ನೋಡಲು ಒಂದೇ ತೆರ. ನಿಕ್ಕಲ್ ಪ್ಯಾಕಿಗೆ ಮಾಡಿದ ಅಗ್ಗದ ಕೇಬಲ್ಲಿಗೆ ತುಂಬಿದ ಮೇಲೆ ನಿಲ್ಲಿಸುವ ಬುದ್ಧಿ ಇರುವುದಿಲ್ಲ. ಮೂಲ ಕೇಬಲ್ ಕಳೆದುಹೋಗಿ, ಅಣ್ಣನ ಹಳೆಯ ಕಾರಿನ ಕೇಬಲ್ಲನ್ನು ತಮ್ಮನ ಹೊಸ ಕಾರಿಗೆ ಹಾಕಿ ರಾತ್ರಿಯಿಡೀ ಬಿಟ್ಟರೆ ಬೆಳಗಿನೊಳಗೆ ಏನು ಬೇಕಾದರೂ ಆಗಬಹುದು. ಪ್ಲಗ್ ಹೊಂದಿತೆಂದರೆ ಚಾರ್ಜರ್ ಹೊಂದಿತೆಂದಲ್ಲ ಎಂಬುದನ್ನು ಮಕ್ಕಳಿರುವ ಮನೆಯ ದೊಡ್ಡವರು ಗಮನಿಸಬೇಕು. ಪ್ಯಾಕಿನ ಮೇಲೂ ಕೇಬಲ್ಲಿನ ಮೇಲೂ ಬರೆದ ವೋಲ್ಟೇಜನ್ನು ಹೋಲಿಸಿ, ಕಾರಿನ ಹೆಸರು ಬರೆದ ಚೀಟಿಯನ್ನು ಎರಡಕ್ಕೂ ಅಂಟಿಸುವುದು ಐದು ನಿಮಿಷದ ಕೆಲಸ.

ಅತಿಯಾಗಿ ಖಾಲಿಯಾದ ಬ್ಯಾಟರಿಯೂ ಅಷ್ಟೇ ಅಪಾಯ ತರುತ್ತದೆ. ಸ್ವಿಚ್ ಆರಿಸಲು ಮರೆತು ಕಾರನ್ನು ಕಪಾಟಿನಲ್ಲಿಟ್ಟರೆ ವಾರದೊಳಗೆ ಕೋಶಗಳು 2 ವೋಲ್ಟಿಗಿಂತ ಕೆಳಗೆ ಹೋಗಬಹುದು. ಆಗ ಒಳಗಿನ ತಾಮ್ರದ ಹಾಳೆ ದ್ರವದಲ್ಲಿ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡುವಾಗ ಆ ತಾಮ್ರ ಬೇಡದ ಕಡೆಗಳಲ್ಲಿ ಕೂತು ಒಳಗಿನ ಶಾರ್ಟ್‌ಗೆ ದಾರಿ ಮಾಡುತ್ತದೆ. ಒಳ್ಳೆಯ ಚಾರ್ಜರ್ ಇಂಥ ಪ್ಯಾಕನ್ನು ಒಪ್ಪದೆ ದೋಷ ತೋರಿಸುತ್ತದೆ. ಅದನ್ನು ಏಮಾರಿಸಲು ನಿಕ್ಕಲ್ ಆಯ್ಕೆಯಲ್ಲಿ ಸ್ವಲ್ಪ ಹೊತ್ತು ಚಾರ್ಜ್ ಮಾಡಿ ಮೇಲೆತ್ತುವ ಉಪಾಯ ಹವ್ಯಾಸಿಗಳಲ್ಲಿ ಚಾಲ್ತಿಯಲ್ಲಿದೆ. ಈ ಹವ್ಯಾಸದಲ್ಲಿ ಬಾಯಿಂದ ಬಾಯಿಗೆ ಹರಡುವ ಸಲಹೆಗಳಲ್ಲಿ ಇಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಚಾರ್ಜರ್ ಬೇಡವೆಂದ ಪ್ಯಾಕು ಸತ್ತಿದೆ ಎಂದೇ ತಿಳಿಯಬೇಕು.

ಪೆಟ್ಟು ತಿಂದ ಪ್ಯಾಕು ಕೂಡಲೇ ಹೊತ್ತಿಕೊಳ್ಳದೆ ಮುಂದಿನ ಚಾರ್ಜಿನವರೆಗೆ ಸುಮ್ಮನಿರಬಹುದು. ತೆಂಗಿನ ಮರಕ್ಕೆ ಬಡಿದು ಬಿದ್ದ ಡ್ರೋನ್, ಕಲ್ಲಿಗೆ ಗುದ್ದಿದ ಕಾರು, ಮೂಲೆ ನುಗ್ಗಾದ ಪ್ಯಾಕು ಇವನ್ನು ಹೊರಗೆ, ಉರಿಯುವ ವಸ್ತುವಿಲ್ಲದ ಕಡೆ, ಕೆಲವು ಗಂಟೆ ಇಟ್ಟು ನೋಡಬೇಕು. ಉಬ್ಬಿದ ಪ್ಯಾಕನ್ನು ಚಾರ್ಜ್ ಮಾಡಲೇಬಾರದು. ಉಬ್ಬು ಎಂದರೆ ಒಳಗೆ ಅನಿಲ ಹುಟ್ಟಿದೆ. ಅದನ್ನು ಸೂಜಿಯಿಂದ ಚುಚ್ಚಿ ಗಾಳಿ ಬಿಡುವುದಂತೂ ಬೆಂಕಿಯನ್ನು ಕೈಯಾರೆ ಕರೆದಂತೆ. ಕಡಲತೀರದಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ. ಕಾರು ತೆರೆಗೆ ಸಿಕ್ಕಿ ನೆನೆದರೆ ಉಪ್ಪುನೀರು ಪ್ಯಾಕಿನ ಹೊದಿಕೆಯೊಳಗೆ ಇಳಿದು ಕೋಶಗಳ ತುದಿಗಳ ನಡುವೆ ವಿದ್ಯುತ್ ಹರಿಯಲು ಹಾದಿ ಮಾಡುತ್ತದೆ. ಹೊರಗೆ ಒರೆಸಿ ಒಣಗಿಸಿದರೂ ಒಳಗಿನ ಉಪ್ಪು ಉಳಿಯುತ್ತದೆ. ನೆನೆಯದಿದ್ದರೂ ಪಡುಬಿದ್ರಿ, ಕಾಪುವಿನಂಥ ಊರುಗಳ ಉಪ್ಪುಗಾಳಿ ಬ್ಯಾಲೆನ್ಸ್ ಪ್ಲಗ್ಗಿನ ಸಣ್ಣ ಪಿನ್ನುಗಳಿಗೆ ಕಿಲುಬು ಹಿಡಿಸುತ್ತದೆ, ಆಗ ಚಾರ್ಜರ್ ಓದುವ ಅಂಕಿಯೇ ತಪ್ಪಾಗುತ್ತದೆ. ಹಸಿರು ಬಣ್ಣಕ್ಕೆ ತಿರುಗಿದ ಪಿನ್ನು ಕಂಡರೆ ಆ ಪ್ಲಗ್ಗನ್ನು ಬದಲಿಸಬೇಕು.

ಸಿಕ್ಕಿಸುವ ಕ್ರಮಕ್ಕೂ ಅರ್ಥವಿದೆ. ತಂತಿಯ ತುದಿಯಲ್ಲಿ ಚಾರ್ಜರಿಗೆ ಸಿಕ್ಕಿಸುವ ಬನಾನಾ ಪಿನ್ನುಗಳು ಬರಿಯ ಲೋಹದವು. ತಂತಿಯನ್ನು ಮೊದಲು ಬ್ಯಾಟರಿಗೆ ಹಾಕಿದರೆ ಆ ಎರಡು ಪಿನ್ನುಗಳು ಒಂದನ್ನೊಂದು ಮುಟ್ಟಿ ಕಿಡಿ ಹಾರಿ ತಂತಿ ಕೆಂಪಗೆ ಕಾಯಬಹುದು. ತಂತಿಯನ್ನು ಮೊದಲು ಚಾರ್ಜರಿಗೆ, ಆಮೇಲೆ ಬ್ಯಾಟರಿಗೆ ಸಿಕ್ಕಿಸಬೇಕು. ತೆಗೆಯುವಾಗ ಬ್ಯಾಟರಿ ಮೊದಲು. ಆಡಿ ಬಂದ ಬಿಸಿ ಪ್ಯಾಕನ್ನು ತಣಿಯಲು ಬಿಟ್ಟು ಆಮೇಲೆ ಚಾರ್ಜಿಗಿಡಬೇಕು.

ಜಾಗದ ವಿಚಾರದಲ್ಲಿ ಕರಾವಳಿಯ ಮನೆಗಳಿಗೆ ಅನುಕೂಲವೂ ಇದೆ, ಅನಾನುಕೂಲವೂ ಇದೆ. ಮುರಕಲ್ಲಿನ ಗೋಡೆ, ಸಿಮೆಂಟಿನ ನೆಲ ಉರಿಯುವುದಿಲ್ಲ. ಹೆಂಚಿನ ಮನೆಯ ಪಕ್ಕಾಸು, ರೀಪು, ಮರದ ಅಟ್ಟ, ಅಟ್ಟದ ಮೇಲಿನ ಒಣ ಸರಕು ಉರಿಯುತ್ತವೆ. ಕೊಟ್ಟಿಗೆಯ ಬೈಹುಲ್ಲು, ಸೌದೆ ಕೊಟ್ಟಿಗೆಯ ಮಡಲು, ತೆಂಗಿನ ಸಿಪ್ಪೆ, ಮೀನುಗಾರರ ಮನೆಯಲ್ಲಿ ಮಡಚಿಟ್ಟ ನೈಲಾನ್ ಬಲೆ ಇವುಗಳ ಬಳಿಯಲ್ಲಿ ಚಾರ್ಜಿಗಿಡುವಂತಿಲ್ಲ. ಹಾಸಿಗೆ, ಸೋಫಾ, ಪರದೆ, ಗ್ಯಾಸ್ ಸಿಲಿಂಡರುಗಳಿಂದಲೂ ದೂರವಿರಬೇಕು. ಮನೆಯಿಂದ ಹೊರಹೋಗುವ ಬಾಗಿಲಿನ ಎದುರಿಗೂ ಇಡಬಾರದು. ಬೆಂಕಿ ಬಿದ್ದರೆ ದಾರಿಯೇ ಮುಚ್ಚುತ್ತದೆ. ಮಳೆ ಬೀಳದ, ಬಿಸಿಲು ಹೊಡೆಯದ ಸಿಮೆಂಟಿನ ಜಗಲಿ ಒಳ್ಳೆಯ ಜಾಗ. ಬ್ಯಾಟರಿಯನ್ನು ಅಗಲ ಬಾಯಿಯ ಮಣ್ಣಿನ ಮಡಕೆಯಲ್ಲೋ, ಅನಿಲ ಹೊರಹೋಗಲು ತೂತಿರುವ ಕಬ್ಬಿಣದ ಪೆಟ್ಟಿಗೆಯಲ್ಲೋ, ಅಂಗಡಿಯಲ್ಲಿ ಸಿಗುವ ಲಿಪೋ ಚೀಲದಲ್ಲೋ ಇಟ್ಟು ಚಾರ್ಜ್ ಮಾಡುತ್ತಾರೆ. ಬಿಗಿಯಾಗಿ ಮುಚ್ಚಿದ ಪೆಟ್ಟಿಗೆ ಅನಿಲದ ಒತ್ತಡಕ್ಕೆ ಸಿಡಿಯಬಹುದು. ಲಿಪೋ ಚೀಲ ಜ್ವಾಲೆಯನ್ನು ಒಂದಿಷ್ಟು ತಡೆಯುತ್ತದೆ, ಹೊಗೆಯನ್ನು ತಡೆಯುವುದಿಲ್ಲ. ಪಕ್ಕದಲ್ಲಿ ಒಂದು ಬಕೆಟ್ ಒಣ ಹೊಯ್ಗೆ ಇರುವುದು ಒಳ್ಳೆಯದು. ಕಡಲಿನ ಹಸಿ ಹೊಯ್ಗೆಯಲ್ಲಿ ಉಪ್ಪು ಇರುವುದರಿಂದ ಅದು ಬೇಡ.

ಕರೆಂಟಿನ ಏರಿಳಿತವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಳೆಗಾಲದಲ್ಲಿ ತಂತಿಯ ಮೇಲೆ ಕೊಂಬೆ ಬಿದ್ದು ಕರೆಂಟು ಹೋಗಿ ಬಂದು ಮಾಡುತ್ತದೆ, ಮುಂಗಾರಿನ ಮೊದಲೂ ಆಮೇಲೂ ಸಿಡಿಲು ಜೋರು. ಕರೆಂಟು ಮರಳಿದಾಗ ಕೆಲವು ಚಾರ್ಜರುಗಳು ನಿಂತೇ ಇರುತ್ತವೆ, ಕೆಲವು ಯಾರೂ ಇಲ್ಲದಿದ್ದರೂ ತಾವಾಗಿ ಮುಂದುವರಿಯುತ್ತವೆ. ಗುಡುಗು ಕೇಳಿದರೆ ಚಾರ್ಜರನ್ನು ಗೋಡೆಯಿಂದ ಕಳಚಬೇಕು. ರಾತ್ರಿ ಮಲಗುವಾಗ, ಪೇಟೆಗೆ ಹೋಗುವಾಗ ಚಾರ್ಜ್ ಬೇಡವೇ ಬೇಡ. 1ಸಿ ದರದಲ್ಲಿ ಒಂದು ಪ್ಯಾಕು ತುಂಬಲು ಬೇಕಾಗುವುದು ಸುಮಾರು ಒಂದು ಗಂಟೆ, ಬ್ಯಾಲೆನ್ಸ್ ಆಗಲು ಇನ್ನೊಂದಿಷ್ಟು ಹೊತ್ತು. ಅಷ್ಟು ಹೊತ್ತು ಒಬ್ಬರು ಕಣ್ಣಳತೆಯಲ್ಲಿ ಇರುವುದು ಮೇಲೆ ಹೇಳಿದ ಎಲ್ಲ ಉಪಕರಣಗಳಿಗಿಂತ ದೊಡ್ಡ ರಕ್ಷಣೆ. ನಡುನಡುವೆ ಕೈಹಿಂಬದಿಯನ್ನು ಹತ್ತಿರ ತಂದು ನೋಡಬೇಕು: ಸರಿಯಾಗಿ ಚಾರ್ಜ್ ಆಗುತ್ತಿರುವ ಲಿಪೋ ಹೆಚ್ಚೆಂದರೆ ಉಗುರುಬೆಚ್ಚಗಾಗುತ್ತದೆ. ಬಿಸಿಯಾಗಿದ್ದರೆ ಕೂಡಲೇ ನಿಲ್ಲಿಸಬೇಕು.

ತುಂಬಿದ ಪ್ಯಾಕನ್ನು ವಾರಗಟ್ಟಲೆ ಹಾಗೆಯೇ ಇಡುವುದೂ ತಪ್ಪು. ಬಳಕೆ ಇಲ್ಲದ ಮಳೆಗಾಲದ ತಿಂಗಳುಗಳಲ್ಲಿ ಕೋಶಕ್ಕೆ 3.8 ವೋಲ್ಟಿನ ಆಸುಪಾಸಿನಲ್ಲಿ ಇಡಬೇಕು. ಚಾರ್ಜರುಗಳಲ್ಲಿ ಇದಕ್ಕೆ ಸ್ಟೋರೇಜ್ ಎಂಬ ಆಯ್ಕೆ ಇದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬಾರದು. ವಿಮಾನದಲ್ಲಿ ತರುವವರು ಬಿಡಿ ಬ್ಯಾಟರಿಯನ್ನು ಚೆಕ್-ಇನ್ ಲಗೇಜಿಗೆ ಹಾಕುವಂತಿಲ್ಲ. 100 ವ್ಯಾಟ್-ಗಂಟೆಯವರೆಗಿನದನ್ನು ತುದಿಗಳಿಗೆ ಟೇಪು ಸುತ್ತಿ ಕೈಚೀಲದಲ್ಲಿ ಒಯ್ಯಬೇಕು. 2010ರ ಸೆಪ್ಟೆಂಬರ್ 3ರಂದು ದುಬೈಯಿಂದ ಹೊರಟ ಯುಪಿಎಸ್ ಕಂಪೆನಿಯ ಸರಕು ವಿಮಾನದಲ್ಲಿ ಲಿಥಿಯಂ ಬ್ಯಾಟರಿಗಳಿದ್ದ ಸರಕಿಗೆ ಬೆಂಕಿ ಹತ್ತಿ ಪೈಲಟ್‌ಗಳಿಬ್ಬರೂ ತೀರಿಕೊಂಡರು.

ಬೆಂಕಿಗಿಂತ ಹೊಗೆ ಹೆಚ್ಚು ಜೀವ ತೆಗೆಯುತ್ತದೆ. 2022ರ ಮಾರ್ಚ್‌ನಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ರಾತ್ರಿ ಚಾರ್ಜಿಗಿಟ್ಟ ವಿದ್ಯುತ್ ಸ್ಕೂಟರಿಗೆ ಬೆಂಕಿ ಬಿದ್ದು ಒಬ್ಬ ತಂದೆ ಮತ್ತು ಮಗಳು ಉಸಿರುಗಟ್ಟಿ ಸತ್ತರು. ಅದೇ ವರ್ಷ ಸೆಪ್ಟೆಂಬರ್ 12ರಂದು ಸಿಕಂದರಾಬಾದಿನಲ್ಲಿ ವಿದ್ಯುತ್ ಸ್ಕೂಟರ್ ಮಳಿಗೆಯ ಬೆಂಕಿಯ ಹೊಗೆ ಮೇಲಿನ ಹೋಟೆಲಿಗೆ ನುಗ್ಗಿ ಎಂಟು ಮಂದಿ ಸತ್ತರು. ಸ್ಕೂಟರಿನ ಬ್ಯಾಟರಿ ಹವ್ಯಾಸಿ ಪ್ಯಾಕಿಗಿಂತ ಎಷ್ಟೋ ಪಟ್ಟು ದೊಡ್ಡದು, ಆದರೆ ಹೊಗೆಯ ಗುಣ ಒಂದೇ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಶ್ವಾಸಕೋಶವನ್ನು ಸುಡುವ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ. ಮುಚ್ಚಿದ ಸಣ್ಣ ಕೋಣೆಗೆ ಒಂದು ಪುಟ್ಟ ಪ್ಯಾಕಿನ ಹೊಗೆಯೇ ಸಾಕು.

ಪ್ಯಾಕು ಉಬ್ಬತೊಡಗಿದರೆ, ಸಿಹಿಯಾದ ರಾಸಾಯನಿಕ ವಾಸನೆ ಬಂದರೆ, ಬುಸ್ ಎಂದು ಸದ್ದಾದರೆ ಮೊದಲು ಗೋಡೆಯ ಸ್ವಿಚ್ ಆರಿಸಬೇಕು, ಮಕ್ಕಳನ್ನೂ ವಯಸ್ಸಾದವರನ್ನೂ ಹೊರಗೆ ಕಳಿಸಬೇಕು. ಹೊಗೆಯಾಡುವ ಪ್ಯಾಕನ್ನು ಬರಿಗೈಯಲ್ಲಿ ಎತ್ತಿ ಓಡಬಾರದು. ಅದು ಪೆಟ್ಟಿಗೆಯಲ್ಲೋ ಮಡಕೆಯಲ್ಲೋ ಇದ್ದು, ಇನ್ನೂ ಜ್ವಾಲೆ ಏಳದಿದ್ದರೆ ಮಾತ್ರ ಉದ್ದ ಕೋಲಿನಿಂದ ಅಂಗಳಕ್ಕೆ ತಳ್ಳಬಹುದು. ಲಿಥಿಯಂ ಬೆಂಕಿಗೆ ನೀರು ಹಾಕಬಾರದೆಂಬ ಮಾತು ಜನರಲ್ಲಿದೆ. ಅದು ಲಿಥಿಯಂ ಲೋಹದ ರಾಶಿಗೆ ಹೊಂದುವ ಮಾತು. ಈ ಬ್ಯಾಟರಿಗಳಲ್ಲಿ ಲೋಹ ಹೆಚ್ಚೇನೂ ಇರುವುದಿಲ್ಲ. ಸ್ವಿಚ್ ಆರಿಸಿದ ಮೇಲೆ ದೂರದಿಂದ ಹಾಕುವ ಧಾರಾಳ ನೀರು ಕೋಶಗಳನ್ನು ತಣಿಸಿ ಪಕ್ಕದ ಕೋಶಕ್ಕೆ, ಮೇಜಿಗೆ, ಪರದೆಗೆ ಬೆಂಕಿ ದಾಟದಂತೆ ಮಾಡುತ್ತದೆ. ಪುಡಿಯ ಅಗ್ನಿಶಾಮಕ ಸುತ್ತಲಿನ ಬೆಂಕಿಯನ್ನು ನಂದಿಸುತ್ತದೆ, ಬ್ಯಾಟರಿಯ ಒಳಬಿಸಿಯನ್ನು ಇಳಿಸುವುದಿಲ್ಲ. ಹೀಗಾಗಿ ಮತ್ತೆ ಹೊತ್ತಬಹುದು. ಕೋಣೆ ತುಂಬ ಹೊಗೆಯಾದರೆ ಹೊರಬಂದು ಬಾಗಿಲೆಳೆದು 112 ಅಥವಾ 101ಕ್ಕೆ ಕರೆ ಮಾಡಬೇಕು. ಪಡುಬಿದ್ರಿಯಂಥ ಊರಿಗೆ ಅಗ್ನಿಶಾಮಕ ಠಾಣೆಯಿರುವ ಉಡುಪಿಯಾಗಲಿ ಕಾರ್ಕಳವಾಗಲಿ ಸುಮಾರು 25 ಕಿಲೋಮೀಟರ್ ದೂರ. ಅಲ್ಲಿಂದ ವಾಹನ ಹೊರಟು ಬರುವುದರೊಳಗೆ ಲಿಪೋ ಉರಿದು ಮುಗಿದು ಮನೆಯ ಸರಕು ಉರಿಯುತ್ತಿರುತ್ತದೆ. ಆದ್ದರಿಂದ ಕರೆ ತಡವಾಗಬಾರದು. ಸುಟ್ಟ ಗಾಯಕ್ಕೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಬಿಟ್ಟು, ಟೂತ್‌ಪೇಸ್ಟ್, ಅರಿಶಿನ ಏನನ್ನೂ ಹಚ್ಚದೆ ಆಸ್ಪತ್ರೆಗೆ ಒಯ್ಯಬೇಕು. ಹೊಗೆ ಕುಡಿದವರು ಆರಾಮವಾಗಿ ಕಂಡರೂ ವೈದ್ಯರಿಗೆ ತೋರಿಸಬೇಕು.

ಕೆಟ್ಟ ಪ್ಯಾಕಿನ ವಿಲೇವಾರಿ ಕೊನೆಯ ಕೆಲಸ. ಉಪ್ಪುನೀರಿನಲ್ಲಿ ಮುಳುಗಿಸಿಡುವ ಹಳೆಯ ಪದ್ಧತಿಯನ್ನು ನಂಬುವಂತಿಲ್ಲ. ತಂತಿಯ ತುದಿ ತುಕ್ಕು ಹಿಡಿದು ಕಡಿದುಹೋಗಿ ಶಕ್ತಿ ಒಳಗೇ ಉಳಿಯಬಹುದು. ಉಬ್ಬದ, ಪೆಟ್ಟಾಗದ ಪ್ಯಾಕಾದರೆ ಹೊರಗೆ ಸಿಮೆಂಟಿನ ನೆಲದ ಮೇಲೆ, ಎದುರಿಗಿದ್ದುಕೊಂಡು, ವಾಹನದ 12 ವೋಲ್ಟಿನ ಬಲ್ಬು ಜೋಡಿಸಿ ಅದು ಪೂರ್ತಿ ಆರುವವರೆಗೆ ಖಾಲಿ ಮಾಡಬಹುದು. ಪೆಟ್ಟಾದದ್ದನ್ನು ಮುಟ್ಟದೆ ಒಣ ಹೊಯ್ಗೆಯ ಡಬ್ಬಿಯಲ್ಲಿಟ್ಟು ಒಯ್ಯಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಕೆದಾರರು ಹಳೆಯ ಬ್ಯಾಟರಿಯನ್ನು ಮನೆಯ ಇತರ ಕಸದಿಂದ ಬೇರ್ಪಡಿಸಿ, ಸಂಗ್ರಹಿಸುವವರಿಗೆ ಅಥವಾ ಮರುಬಳಕೆ ಮಾಡುವವರಿಗೆ ಒಪ್ಪಿಸಬೇಕು. ಒಣಕಸದ ಚೀಲಕ್ಕೆ ಹಾಕಿದ ಲಿಪೋ ಪಂಚಾಯಿತಿಯ ಗಾಡಿಯಲ್ಲಿ ಕಾಗದ, ಪ್ಲಾಸ್ಟಿಕ್‌ಗಳ ನಡುವೆ ಅದುಮಿಹೋಗುತ್ತದೆ. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿರುವ ಒಣಕಸ ವಿಂಗಡಣಾ ಘಟಕದಂಥ ಕಡೆಗಳಲ್ಲಿ ಅದು ಬೆಲ್ಟಿನ ಮೇಲೆ, ಕಸ ಹೆಕ್ಕುವ ಕೆಲಸಗಾರರ ಕೈಗೆ ಬರುತ್ತದೆ. ತುದಿಗಳಿಗೆ ಟೇಪು ಸುತ್ತಿ, ಮೇಲೆ ಲಿಥಿಯಂ ಬ್ಯಾಟರಿ ಎಂದು ಕನ್ನಡದಲ್ಲಿ ಬರೆದು, ಪ್ರತ್ಯೇಕವಾಗಿ ಕೈಗೇ ಕೊಟ್ಟರೆ ಅವರಿಗೆ ಅದು ಏನೆಂದು ತಿಳಿಯುತ್ತದೆ.